ಹೊರಬಿದ್ದುದನ್ನು ಮರಳಿ ತುಂಬಿಕೊಳ್ಳುವ ಕೋಶ

ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತ ಎರಡು ಪುಟ್ಟ ಗ್ರಂಥಿಗಳುಂಟು. ಅವೇ ಅಡ್ರಿನಲ್ ಗ್ರಂಥಿಗಳು. ತಾವು ಬೆಚ್ಚಿಬಿದ್ದಾಗ ಅವುಗಳ ತಿರುಳಿನಿಂದ ಅಡ್ರಿನಲಿನ್ ರಕ್ತಕ್ಕಿಳಿದು ಎದೆಬಡಿತವನ್ನು ಚುರುಕುಗೊಳಿಸುತ್ತದೆ.

ಈ ಅಡ್ರಿನಲಿನ್ ಒಂಟಿಯಾಗಿ ಹೊರಡುವುದಿಲ್ಲ. ಕೋಶದೊಳಗಿನ ಸಣ್ಣ ಚೀಲಗಳಲ್ಲಿ ಅದರ ಜೊತೆಗೆ ಎ.ಟಿ.ಪಿ. ಎಂಬ ವಸ್ತುವೂ ತುಂಬಿರುತ್ತದೆ. ಚೀಲ ಬಿಚ್ಚಿದೊಡನೆ ಎರಡೂ ಹೊರಬೀಳುತ್ತವೆ. ಹೊರಗಿನ ಕಿಣ್ವಗಳು ಎ.ಟಿ.ಪಿ.ಯ 3 ಫಾಸ್ಫೇಟುಗಳನ್ನೂ ಕಳಚಿದ ಮೇಲೆ ಉಳಿಯುವುದು ಅಡೆನೊಸಿನ್. ಅಡೆನಿನ್ ಮತ್ತು ರೈಬೋಸ್ ಸಕ್ಕರೆ ಕೂಡಿದ ಈ ಬಗೆಯ ಅಣುವಿಗೆ ನ್ಯೂಕ್ಲಿಯೊಸೈಡ್ ಎಂದು ಹೆಸರು. ವಿಚಿತ್ರವೆಂದರೆ, ಇದು ಎದೆಬಡಿತವನ್ನು ನಿಧಾನಗೊಳಿಸುತ್ತದೆ! ಡ್ರೂರಿ ಮತ್ತು ಸೆಂಟ್-ಜಾರ್ಜಿ ಎಂಬ ವಿಜ್ಞಾನಿಗಳು 1929ರಲ್ಲೇ ಇದನ್ನು ತೋರಿಸಿದರು.

ಗ್ರಂಥಿಯ ಕೋಶ ಈ ಅಡೆನೊಸಿನ್ನನ್ನು ಪೋಲಾಗಗೊಡುವುದಿಲ್ಲ. ಪೊರೆಯಲ್ಲಿರುವ ವಾಹಕ ಪ್ರೋಟೀನು ಅದನ್ನು ಒಳಕ್ಕೆ ಸಾಗಿಸುತ್ತದೆ. ಒಳಗೆ ಅಡೆನೊಸಿನ್ ಕೈನೇಸ್ ಎಂಬ ಕಿಣ್ವ ಒಂದು ಫಾಸ್ಫೇಟನ್ನು ತೊಡಿಸುತ್ತದೆ. ಅದನ್ನು ತೊಟ್ಟ ಅಣು ಬಂದ ದಾರಿಯಲ್ಲಿ ಮರಳಲಾರದು. ಇನ್ನೆರಡು ಫಾಸ್ಫೇಟು ಸೇರಿದರೆ ಮತ್ತೆ ಎ.ಟಿ.ಪಿ. ಸಿದ್ಧ. ದನದ ಗ್ರಂಥಿಯ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ವಿಜ್ಞಾನಿಗಳು ಇದನ್ನು ಕಂಡುಕೊಂಡಿದ್ದಾರೆ.

ಇಂಥ ವಾಹಕಗಳು ದೇಹದ ಇತರ ಕೋಶಗಳಲ್ಲೂ ಇವೆ. ಡೈಪಿರಿಡಮೋಲ್ ಎಂಬ ಔಷಧಿ ಅವುಗಳನ್ನು ತಡೆಯುವುದರಿಂದ ಅಡೆನೊಸಿನ್ ಹೊರಗೇ ಉಳಿದು ಅದರ ಪ್ರಭಾವ ಹೆಚ್ಚುತ್ತದೆ. ಕೆಲವು ಬಗೆಯ ಅತಿವೇಗದ ಎದೆಬಡಿತಕ್ಕೆ ವೈದ್ಯರು ಅಡೆನೊಸಿನ್ನನ್ನೇ ಚುಚ್ಚುಮದ್ದಾಗಿ ಕೊಡುತ್ತಾರೆ. ರೋಗಿ ಡೈಪಿರಿಡಮೋಲ್ ಸೇವಿಸುತ್ತಿದ್ದರೆ ಅದರ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ. ಆದುದರಿಂದ, ತಾವು ಸೇವಿಸುವ ಪ್ರತಿಯೊಂದು ಮಾತ್ರೆಯ ಹೆಸರನ್ನೂ ವೈದ್ಯರಿಗೆ ತಪ್ಪದೆ ತಿಳಿಸಿರಿ.