ತಿಂಗಳಿಗೊಮ್ಮೆ ಸೈಕಲ್: ನಗರದ ಬೀದಿಯಿಂದ ಊರಿನ ದಾರಿಗೆ

(ಗೋವಿನಕೋವಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಪರಿಸರದ ಮಾತೆಂದರೆ ಕಾಡು, ಗಣಿ, ಅಣೆಕಟ್ಟುಗಳ ಮಾತು ಎಂಬುದು ಮಲೆನಾಡಿನ ಸಭೆಗಳಲ್ಲಿ ರೂಢಿಯಾಗಿದೆ. ಅದಕ್ಕೆ ಕಾರಣವೂ ಇದೆ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಕೂಡ್ಲಿಯಲ್ಲಿ ಒಂದಾಗಿ ಹೊನ್ನಾಳಿಯ ಕಡೆಗೆ ಹರಿಯುತ್ತವೆ. ಮೇಲಿನ ಬೆಟ್ಟದಲ್ಲಿ ನಡೆದದ್ದು ಕೆಳಗಿನ ಬಯಲಿಗೆ ತಲುಪದೆ ಇರುವುದಿಲ್ಲ. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಾಗ ಅದರ ಸಮಾಧಾನ ಬೆಟ್ಟದವರಿಗೆ ಎಷ್ಟಿತ್ತೋ ನದಿಯ ಕೆಳಹರಿವಿನವರಿಗೂ ಅಷ್ಟೇ ಇರಬೇಕಿತ್ತು. ಆದರೆ ಇಂದಿನ ಉಪನ್ಯಾಸದ ವಿಷಯ ಕಾಡೂ ಅಲ್ಲ, ಗಣಿಯೂ ಅಲ್ಲ. ಮನೆಯ ಜಗುಲಿಗೆ ಒರಗಿಸಿಟ್ಟ ಒಂದು ಸಾಮಾನ್ಯ ವಾಹನ, ಸೈಕಲ್. ಅದರಲ್ಲಿಯೂ, ನಗರಗಳ ಬೀದಿಗಳಲ್ಲಿ ತಿಂಗಳಿಗೊಮ್ಮೆ ಜನ ಗುಂಪುಗೂಡಿ ಸೈಕಲ್ ಹೊಡೆಯುವ ಒಂದು ಪದ್ಧತಿ.

ಗುಂಪಾಗಿ ಚಲಿಸುವುದು ಚಳವಳಿಗಳಿಗೆ ಹೊಸದೇನಲ್ಲ. 1987ರ ನವೆಂಬರಿನಲ್ಲಿ ಪಶ್ಚಿಮ ಘಟ್ಟದ ಎರಡು ತುದಿಗಳಿಂದ, ಉತ್ತರದಲ್ಲಿ ಮಹಾರಾಷ್ಟ್ರದ ನವಾಪುರದಿಂದಲೂ ದಕ್ಷಿಣದಲ್ಲಿ ಕನ್ಯಾಕುಮಾರಿಯಿಂದಲೂ, ಹೊರಟ ಪಾದಯಾತ್ರಿಗಳು 1988ರ ಫೆಬ್ರವರಿಯಲ್ಲಿ ಗೋವೆಯಲ್ಲಿ ಸೇರಿದರು. ಘಟ್ಟವೆಂಬುದು ಒಂದೇ ಎಂಬ ಅರಿವು ಹಲವರಿಗೆ ಆ ನಡಿಗೆಯಿಂದ ಮೂಡಿತು. ಕಾಲಿನಲ್ಲಿ ಅಳೆದ ದಾರಿ ಮನಸ್ಸಿಗೆ ಇಳಿಯುತ್ತದೆ. ಸೈಕಲ್ಲಿನಲ್ಲಿ ಅಳೆದ ದಾರಿಯೂ ಹಾಗೆಯೇ.

ಇಂದು ಜಗತ್ತಿನ ನೂರಾರು ನಗರಗಳಲ್ಲಿರುವ ಈ ಪದ್ಧತಿಯ ಮೂಲ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರ. 1992ರ ಸೆಪ್ಟೆಂಬರ್ 25ರ ಶುಕ್ರವಾರ ಸಂಜೆ, ಕಚೇರಿಗಳು ಬಿಡುವ ಹೊತ್ತಿಗೆ, ಐವತ್ತರ ಆಸುಪಾಸಿನಷ್ಟು ಸೈಕಲ್ ಸವಾರರು ಒಂದೆಡೆ ಸೇರಿ ಮುಖ್ಯಬೀದಿಯಲ್ಲಿ ಜೊತೆಯಾಗಿ ಮನೆಗೆ ಹೊರಟರು. ಒಬ್ಬೊಬ್ಬರೇ ಹೊರಟರೆ ಕಾರುಗಳು ಅಂಚಿಗೆ ತಳ್ಳುತ್ತವೆ, ಐವತ್ತು ಜನ ಒಟ್ಟಾದರೆ ತಳ್ಳಲಾಗದು. ಅವರ ತರ್ಕ ಇಷ್ಟೇ. ಮುಂದೆ ಪ್ರತಿ ತಿಂಗಳ ಕೊನೆಯ ಶುಕ್ರವಾರ ಹೀಗೆ ಸೇರುವುದು ವಾಡಿಕೆಯಾಯಿತು. ಇದಕ್ಕೆ 'ಕ್ರಿಟಿಕಲ್ ಮಾಸ್' ಎಂಬ ಹೆಸರು ನಿಂತಿತು.

ಆ ಹೆಸರಿನ ಹಿಂದೆ ಚೀನಾದ ಒಂದು ದೃಶ್ಯವಿದೆ. ಟೆಡ್ ವೈಟ್ ಎಂಬವರು ಅದೇ ವರ್ಷ ತಯಾರಿಸಿದ ಸಾಕ್ಷ್ಯಚಿತ್ರದಲ್ಲಿ, ಜಾರ್ಜ್ ಬ್ಲಿಸ್ ಎಂಬವರು ತಾವು ಚೀನಾದಲ್ಲಿ ಕಂಡದ್ದನ್ನು ವಿವರಿಸುತ್ತಾರೆ. ಸಿಗ್ನಲ್ ಇಲ್ಲದ ವೃತ್ತಗಳಲ್ಲಿ ಸೈಕಲ್ ಸವಾರರು ಕಾಯುತ್ತ ನಿಲ್ಲುವರು. ಒಬ್ಬರ ಹಿಂದೆ ಒಬ್ಬರು ಸೇರಿ, ಸಾಕಷ್ಟು ಜನರಾದಾಗ ಒಟ್ಟಿಗೆ ಮುಂದೆ ಸರಿಯುವರು. ಆಗ ಮೋಟಾರು ವಾಹನಗಳು ತಾವಾಗಿಯೇ ನಿಲ್ಲುವವು. ದುರ್ಬಲರಿಗೆ ದಾರಿ ಸಿಗಬೇಕಾದರೆ ಒಂದು ನಿರ್ಣಾಯಕ ಸಂಖ್ಯೆ ಬೇಕು. ಹಳ್ಳಿಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುರಿಯ ಹಿಂಡು ರಸ್ತೆ ದಾಟುವಾಗ ಲಾರಿ ನಿಲ್ಲುವುದನ್ನು ಎಲ್ಲರೂ ಕಂಡಿದ್ದಾರೆ.

ಈ ಸವಾರಿಗೆ ಅಧ್ಯಕ್ಷರಿರಲಿಲ್ಲ, ಕಾರ್ಯದರ್ಶಿಯಿರಲಿಲ್ಲ. ಯಾರು ಬೇಕಾದರೂ ಒಂದು ದಾರಿಯ ನಕ್ಷೆ ಬರೆದು ಜೆರಾಕ್ಸ್ ಮಾಡಿಸಿ ಹಂಚಬಹುದಿತ್ತು. ಜನರಿಗೆ ಒಪ್ಪಿಗೆಯಾದ ದಾರಿಯಲ್ಲಿ ಸವಾರಿ ಸಾಗುತ್ತಿತ್ತು. ತಾವು ಸಂಚಾರಕ್ಕೆ ಅಡ್ಡಿಯಲ್ಲ, ತಾವೂ ಸಂಚಾರದ ಭಾಗವೇ ಎಂಬುದು ಅವರ ವಾದ. ಆದರೆ ವಿರೋಧವೂ ಬಂತು. ಅಡ್ಡರಸ್ತೆಗಳಲ್ಲಿ ಕೆಲವು ಸವಾರರು ನಿಂತು ಕಾರುಗಳನ್ನು ತಡೆದು ಗುಂಪು ಪೂರ್ತಿ ದಾಟುವಂತೆ ಮಾಡುತ್ತಿದ್ದುದು ಅನೇಕರನ್ನು ಕೆರಳಿಸಿತು. 1997ರ ಜುಲೈ ತಿಂಗಳಲ್ಲಿ ನಗರಾಡಳಿತ ಕಠಿಣ ಕ್ರಮಕ್ಕೆ ಮುಂದಾಗಿ ನೂರಕ್ಕೂ ಹೆಚ್ಚು ಸವಾರರನ್ನು ಬಂಧಿಸಿತು. ಸವಾರಿ ಮಾತ್ರ ನಿಲ್ಲಲಿಲ್ಲ. ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಇದು 2004ರಿಂದ ವರ್ಷಕ್ಕೆರಡು ಬಾರಿಯ ಮಹಾಮೆರವಣಿಗೆಯಾಗಿ ಬೆಳೆದು, ಹತ್ತಾರು ಸಾವಿರ ಜನರನ್ನು ಬೀದಿಗೆ ತಂದಿತು.

ಇನ್ನು ಕರ್ನಾಟಕಕ್ಕೆ ಬರೋಣ. ಬೆಂಗಳೂರಿನಲ್ಲಿ 2013ರ ಅಕ್ಟೋಬರಿನಲ್ಲಿ ಕಬ್ಬನ್ ಉದ್ಯಾನದಲ್ಲಿ 'ಸೈಕಲ್ ದಿನ' ಆರಂಭವಾಯಿತು. ಇದನ್ನು ನಡೆಸಿದ್ದು ಬೀದಿಗಿಳಿದ ಪ್ರತಿಭಟನಕಾರರಲ್ಲ. ರಾಜ್ಯ ಸರ್ಕಾರದ ನಗರ ಭೂ ಸಾರಿಗೆ ನಿರ್ದೇಶನಾಲಯವು ನಾಗರಿಕ ಸಂಘಟನೆಗಳೊಂದಿಗೆ ಸೇರಿ ಇದನ್ನು ನಡೆಸಿತು. ತಿಂಗಳಿಗೊಂದು ಭಾನುವಾರ ಬೆಳಗಿನ ಕೆಲವು ಗಂಟೆ ರಸ್ತೆಗೆ ಮೋಟಾರು ವಾಹನ ಬರದಂತೆ ಮಾಡಿ, ಮಕ್ಕಳು, ಮಹಿಳೆಯರು, ವೃದ್ಧರು ನಿರ್ಭಯವಾಗಿ ಸೈಕಲ್ ಹೊಡೆಯಲು ಅವಕಾಶ ಕೊಡಲಾಯಿತು. ಮುಂದೆ ಅದು ಉದ್ಯಾನವನ್ನು ದಾಟಿ ಬಡಾವಣೆಗಳಿಗೂ ಹರಡಿ, ಅಲ್ಲಿಯ ನಿವಾಸಿಗಳೇ ಹೊಣೆ ಹೊರುವಂತಾಯಿತು. ಇದಕ್ಕೆ ಮಾದರಿಯೂ ಇತ್ತು. ಕೊಲಂಬಿಯಾದ ಬೊಗೊಟಾ ನಗರದಲ್ಲಿ 1974ರಿಂದ ನಡೆದುಬಂದಿರುವ ವ್ಯವಸ್ಥೆಯಲ್ಲಿ ಭಾನುವಾರಗಳಂದು ನೂರು ಕಿಲೋಮೀಟರಿಗೂ ಮಿಕ್ಕ ರಸ್ತೆಗಳನ್ನು ಸೈಕಲ್ಲಿಗೂ ಕಾಲ್ನಡಿಗೆಗೂ ಬಿಟ್ಟುಕೊಡಲಾಗುತ್ತದೆ.

ಒಂದು ಕಡೆ ಸರ್ಕಾರದೊಡನೆ ಘರ್ಷಣೆ, ಮತ್ತೊಂದು ಕಡೆ ಸರ್ಕಾರದ ಕೈಹಿಡಿದ ಉತ್ಸವ. ಇವೆರಡರಲ್ಲಿ ಯಾವುದು ಸರಿ ಎಂದು ವಿದ್ಯಾರ್ಥಿಗಳು ಕೇಳಬಹುದು. ಎರಡಕ್ಕೂ ತಮ್ಮದೇ ಆದ ಬಲವಿದೆ, ತಮ್ಮದೇ ಆದ ಕೊರತೆಯಿದೆ. ಘರ್ಷಣೆಯ ಸವಾರಿ ಪ್ರಶ್ನೆಯನ್ನು ತೀಕ್ಷ್ಣವಾಗಿ ಎತ್ತುತ್ತದೆ. ಆದರೆ ಬಸ್ಸಿನಲ್ಲಿ ಕುಳಿತು ಮನೆ ಸೇರಲು ಕಾದಿರುವ ಶ್ರಮಿಕರೂ ಅದರಿಂದ ತಡವಾಗಿ ಮನೆ ಮುಟ್ಟುತ್ತಾರೆ. ಉತ್ಸವದ ಸವಾರಿ ಯಾರನ್ನೂ ನೋಯಿಸುವುದಿಲ್ಲ. ಆದರೆ ಹತ್ತು ಗಂಟೆಗೆ ಉತ್ಸವ ಮುಗಿದ ಕೂಡಲೇ ರಸ್ತೆ ಮತ್ತೆ ಕಾರಿನದಾಗುತ್ತದೆ. ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ಸೈಕಲ್ ದಿನಕ್ಕೆ ಬರುವವರಿದ್ದರೆ ಅದು ವ್ಯಾಯಾಮವಾದೀತೇ ಹೊರತು ಬದಲಾವಣೆಯಾಗದು. ಇನ್ನೂ ದೊಡ್ಡ ಕೊರತೆ ಬೇರೊಂದಿದೆ. ಮುಂಜಾನೆ ಹಾಲು, ಪತ್ರಿಕೆ ಹಂಚುವವರು, ರಾತ್ರಿ ಪಾಳಿ ಮುಗಿಸಿದ ಕಾವಲುಗಾರರು, ಕಟ್ಟಡ ಕೆಲಸಕ್ಕೆ ಹೋಗುವವರು ದಿನವೂ ಸೈಕಲ್ ತುಳಿಯುತ್ತಾರೆ. ಅವರಿಗೆ ಭಾನುವಾರದ ಉತ್ಸವಕ್ಕೆ ಬಿಡುವೆಲ್ಲಿ? ಆಸೆಯಿಂದ ತುಳಿಯುವವರಿಗೆ ವೇದಿಕೆ ಸಿಕ್ಕಿತು. ಅಗತ್ಯದಿಂದ ತುಳಿಯುವವರು ಅಂಚಿನಲ್ಲಿಯೇ ಉಳಿದರು.

ಉತ್ಸವ ಮುಗಿದ ಮೇಲೆ ಉಳಿದದ್ದೇನು ಎಂಬುದೇ ನಿಜವಾದ ಪರೀಕ್ಷೆ. ಬೆಂಗಳೂರಿನ ಜಯನಗರದಲ್ಲಿ 2012ರ ಸುಮಾರಿಗೆ ಸೈಕಲ್ ಪಥಗಳನ್ನು ಗುರುತಿಸಲಾಯಿತು. ಬಣ್ಣ ಬಳಿದ ಆ ಪಥಗಳು ಬಹುಬೇಗ ಕಾರುಗಳ ನಿಲ್ದಾಣಗಳಾದವು. 2020ರಲ್ಲಿ ಕೋವಿಡ್ ಕಾಲದಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬಗಳನ್ನು ನೆಟ್ಟು ಪ್ರತ್ಯೇಕ ಸೈಕಲ್ ಪಥ ಮಾಡಲಾಯಿತು. ಮೆಟ್ರೋ ಕಾಮಗಾರಿ ಬಂದಾಗ ಅದು ಬಹುಮಟ್ಟಿಗೆ ಅಳಿಸಿಹೋಯಿತು. ಮೈಸೂರಿನಲ್ಲಿ 2017ರ ಜೂನ್ ತಿಂಗಳಲ್ಲಿ 'ಟ್ರಿಣ್ ಟ್ರಿಣ್' ಎಂಬ ಬಾಡಿಗೆ ಸೈಕಲ್ ಯೋಜನೆ 450 ಸೈಕಲ್ಲುಗಳೊಂದಿಗೆ ಆರಂಭವಾಯಿತು. ವಾಹನಗಳನ್ನಲ್ಲ, ಜನರನ್ನು ಸಾಗಿಸುವುದು ಸಾರಿಗೆಯ ಗುರಿ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಸ್ಪಷ್ಟವಾಗಿ ಸಾರಿತ್ತು. ಹಾಗಿದ್ದೂ ಬೆಂಗಳೂರಿನ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿತು. ನೀತಿ ಕಾಗದದಲ್ಲಿತ್ತು, ಡಾಂಬರು ಬೇರೆ ನೀತಿಯನ್ನು ಅನುಸರಿಸಿತು.

ಹಾಗಾದರೆ ಎಲ್ಲಿಯೂ ಗೆಲುವಿಲ್ಲವೇ? ಇದೆ. ಸೈಕಲ್ಲಿನ ನಾಡೆಂದು ಹೆಸರಾದ ನೆದರ್ಲೆಂಡ್ಸ್ ಹುಟ್ಟಿನಿಂದ ಹಾಗೆ ಇರಲಿಲ್ಲ. ಅಲ್ಲಿಯೂ ಎರಡನೆಯ ಮಹಾಯುದ್ಧದ ನಂತರ ಕಾರುಗಳು ನುಗ್ಗಿ ಸೈಕಲ್ ಹಿಮ್ಮೆಟ್ಟಿತ್ತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗುವನ್ನು ಕಳೆದುಕೊಂಡ ಪತ್ರಕರ್ತರೊಬ್ಬರು 1972ರಲ್ಲಿ ಬರೆದ ಲೇಖನದಿಂದ 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಅರ್ಥದ ಹೆಸರಿನ ಚಳವಳಿ ಹುಟ್ಟಿತು. ತಾಯಂದಿರು, ತಂದೆಯರು, ಶಾಲೆಯ ಮಕ್ಕಳು ಬೀದಿಗೆ ಬಂದರು. 1973ರ ತೈಲ ಬಿಕ್ಕಟ್ಟಿನಲ್ಲಿ ಸರ್ಕಾರ ಭಾನುವಾರಗಳಂದು ಕಾರು ನಿಷೇಧಿಸಿದಾಗ, ಕಾರಿಲ್ಲದ ರಸ್ತೆ ಹೇಗಿರುತ್ತದೆಂದು ಜನ ಕಣ್ಣಾರೆ ಕಂಡರು. ಪ್ರತ್ಯೇಕ ಪಥಗಳು, ಬಡಾವಣೆಗಳಲ್ಲಿ ವೇಗಮಿತಿ, ಶಾಲೆಯ ದಾರಿಗೆ ಆದ್ಯತೆ, ಇವು ದಶಕಗಳ ಕಾಲ ಒಂದೊಂದಾಗಿ ಬಂದವು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿಯ ರಸ್ತೆ ಸಾವುಗಳು ವರ್ಷಕ್ಕೆ ಏಳುನೂರರ ಆಸುಪಾಸಿಗೆ ಇಳಿದಿವೆ. ಅಲ್ಲಿ ಗೆದ್ದದ್ದು ಸೈಕಲ್ಲಿನ ಮೇಲಿನ ಮೋಹವಲ್ಲ, ಮಕ್ಕಳ ಜೀವದ ಮೇಲಿನ ಕಾಳಜಿ.

ಭಾರತದ ಲೆಕ್ಕವನ್ನೂ ನೋಡಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ 32,825 ಮಂದಿ ಪಾದಚಾರಿಗಳು. ರಸ್ತೆಯನ್ನು ಅತಿ ಕಡಿಮೆ ಸವೆಸುವವರು, ಗಾಳಿಯನ್ನು ಕೆಡಿಸದವರು, ಅತಿ ಹೆಚ್ಚು ಅಪಾಯಕ್ಕೆ ಗುರಿಯಾಗುತ್ತಾರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ ನಿಲ್ಲಿಸಬಹುದು. ನಡೆಯಲು ಬೇಕಾದ ಶಕ್ತಿಯಲ್ಲೇ ಸೈಕಲ್ ಮನುಷ್ಯನನ್ನು ಮೂರು ಪಟ್ಟಿಗೂ ಹೆಚ್ಚು ದೂರ ಒಯ್ಯುತ್ತದೆ. ಇಷ್ಟು ಗುಣಗಳಿದ್ದೂ ಸೈಕಲ್ ಬಡತನದ ಗುರುತಾಗಿ ಹೋದದ್ದು ಹೇಗೆ ಎಂಬುದನ್ನು ಪ್ರತಿ ಊರೂ ತನ್ನೊಳಗೆ ಕೇಳಿಕೊಳ್ಳಬೇಕು.

ನಗರದವರು ಇಂದು ಹೊಸದಾಗಿ ಕಲಿಯುತ್ತಿರುವುದು ಹಳ್ಳಿಗೆ ಹಳೆಯ ಪಾಠ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ ಕೊಡುವ ಅಂಗಡಿಗಳು ಒಂದು ಕಾಲಕ್ಕೆ ಪ್ರತಿ ಪೇಟೆಯಲ್ಲೂ ಇದ್ದವು. ಡೈನಮೋ ದೀಪವಿಲ್ಲದೆ ರಾತ್ರಿ ಹೋದರೆ, ಇಬ್ಬರು ಕುಳಿತರೆ ಪೊಲೀಸರು ಹಿಡಿಯುತ್ತಿದ್ದುದನ್ನು ಹಿರಿಯರು ಇಂದಿಗೂ ನಗುತ್ತ ನೆನೆಯುತ್ತಾರೆ. ಹುಲ್ಲಿನ ಹೊರೆ, ಹಾಲಿನ ಕ್ಯಾನು, ಭತ್ತದ ಚೀಲ ಎಲ್ಲವೂ ಸೈಕಲ್ಲಿನ ಮೇಲೆಯೇ ಸಾಗಿದವು. ಮನೆಯ ಮಗನಿಗೆ ನೌಕರಿ ಸಿಕ್ಕು ಬೈಕು ಬಂದ ದಿನ ಸೈಕಲ್ ಹಿತ್ತಲಿಗೆ ಸರಿಯಿತು. ಬೈಕಿನ ಅನುಕೂಲವನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆಯಾದೀತು. ಆಸ್ಪತ್ರೆಗೆ, ದೂರದ ಮಾರುಕಟ್ಟೆಗೆ ಅದು ಬೇಕು. ಆದರೆ ಮನೆಯಲ್ಲಿ ಬೈಕು ಒಂದೇ ಇರುತ್ತದೆ. ಅದು ಮಗನ ಕೈಯಲ್ಲಿರುತ್ತದೆ. ಮಗಳು ಏನು ಮಾಡಬೇಕು?

ಈ ಪ್ರಶ್ನೆಗೆ ಕರ್ನಾಟಕ ಒಮ್ಮೆ ಉತ್ತರ ಕೊಟ್ಟಿತ್ತು. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆ ಆರಂಭವಾಯಿತು. ಮೊದಲು ಬಡ ಹೆಣ್ಣುಮಕ್ಕಳಿಗೆಂದು ಬಂದದ್ದು ಅನಂತರ ಗಂಡುಮಕ್ಕಳಿಗೂ ವಿಸ್ತರಿಸಿತು. ಸೈಕಲ್ಲುಗಳ ಗುಣಮಟ್ಟದ ಬಗ್ಗೆ ದೂರುಗಳೂ ಇದ್ದವು, ನಿಜ. ಆದರೆ ಸಮವಸ್ತ್ರ ತೊಟ್ಟ ಹೆಣ್ಣುಮಕ್ಕಳು ಸಾಲುಸಾಲಾಗಿ ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ದೃಶ್ಯ ಹಳ್ಳಿಯ ರಸ್ತೆಗೆ ಹೊಸದೊಂದು ಘನತೆಯನ್ನು ತಂದಿತು. ಬಿಹಾರದಲ್ಲಿ ಅದೇ ಕಾಲಕ್ಕೆ ಬಂದ ಇಂಥದೇ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿದರು. ಪ್ರೌಢಶಾಲೆಗೆ ಸೇರುವ ಹೆಣ್ಣುಮಕ್ಕಳ ಪ್ರಮಾಣ ಸುಮಾರು ಮೂರನೆಯ ಒಂದು ಭಾಗದಷ್ಟು ಏರಿತ್ತು. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಊರುಗಳಲ್ಲಿ ಫಲ ಹೆಚ್ಚಾಗಿತ್ತು. ಜೊತೆಯಾಗಿ ಹೋಗುವ ಗುಂಪು ಆ ಮಕ್ಕಳಿಗೆ ರಕ್ಷಣೆಯೂ ಆಗಿತ್ತು. ಸ್ಯಾನ್ ಫ್ರಾನ್ಸಿಸ್ಕೋದವರು ನಿರ್ಣಾಯಕ ಸಂಖ್ಯೆ ಎಂದು ಕರೆದದ್ದನ್ನು ಈ ಬಾಲಕಿಯರು ಹೆಸರಿಲ್ಲದೆ ಆಚರಿಸಿದರು, ಅದೂ ತಿಂಗಳಿಗೊಮ್ಮೆಯಲ್ಲ, ಪ್ರತಿದಿನ.

ಕರ್ನಾಟಕದ ಯೋಜನೆ ಕೋವಿಡ್ ಕಾಲದಲ್ಲಿ ಸ್ಥಗಿತಗೊಂಡಿತು. 2023ರ ಜೂನ್ ತಿಂಗಳಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಬಂದದ್ದು ದೊಡ್ಡ ಅನುಕೂಲ. ಆದರೆ ಬಸ್ಸು ಎಲ್ಲ ಮನೆಯ ಬಾಗಿಲಿಗೆ ಬರುವುದಿಲ್ಲ. ತೋಟದ ಮನೆಯಿಂದ ಬಸ್ ನಿಲ್ದಾಣದವರೆಗಿನ ಎರಡು ಮೂರು ಕಿಲೋಮೀಟರಿಗೆ ಸೈಕಲ್ಲೇ ಸಂಗಾತಿ. ಬಸ್ಸೂ ಸೈಕಲ್ಲೂ ಒಂದಕ್ಕೊಂದು ಎದುರಾಳಿಯಲ್ಲ, ಪೂರಕ. ನಿಲ್ದಾಣದಲ್ಲಿ ಸೈಕಲ್ ನಿಲ್ಲಿಸಲು ಒಂದು ತಗಡಿನ ಮಾಡು, ಬೀಗ ಹಾಕಲು ಒಂದು ಕಬ್ಬಿಣದ ಸರಳು ಇದ್ದರೆ ಸಾಕು. ಇದಕ್ಕೆ ಕೋಟಿಗಳ ಯೋಜನೆ ಬೇಕಿಲ್ಲ.

ಗೋವಿನಕೋವಿಯಂಥ ಊರಿನ ವಿದ್ಯಾರ್ಥಿಗಳು ಇದರಿಂದ ಏನು ಪಡೆಯಬಹುದು? ತಿಂಗಳಿಗೊಂದು ಭಾನುವಾರ ಊರಿನ ಮಕ್ಕಳು, ಶಿಕ್ಷಕರು, ಪೋಷಕರು ಸೈಕಲ್ಲಿನಲ್ಲಿ ಶಾಲೆಯ ದಾರಿಯನ್ನು ಒಟ್ಟಿಗೆ ಕ್ರಮಿಸಲಿ. ಹೆದ್ದಾರಿಯಲ್ಲಿ ಒಬ್ಬರ ಹಿಂದೊಬ್ಬರಾಗಿ, ಎಡಬದಿಯಲ್ಲಿ, ಹಿರಿಯರೊಬ್ಬರು ಮುಂದೆ, ಒಬ್ಬರು ಹಿಂದೆ ಇರಲಿ. ಯಾರನ್ನೂ ತಡೆಯುವುದು ಬೇಡ. ಆದರೆ ಕೈಯಲ್ಲಿ ಒಂದು ನೋಟ್‌ಪುಸ್ತಕವಿರಲಿ. ಎಲ್ಲಿ ರಸ್ತೆಯ ಅಂಚು ಕೊರೆದುಹೋಗಿದೆ, ಯಾವ ಮೋರಿಗೆ ತಡೆಗೋಡೆಯಿಲ್ಲ, ಯಾವ ತಿರುವಿನಲ್ಲಿ ಲಾರಿಗಳು ವೇಗವಾಗಿ ಬರುತ್ತವೆ, ಎಲ್ಲಿ ಸಂಜೆ ದೀಪವಿಲ್ಲ, ಯಾವ ನೆರಳಿನ ಮರಕ್ಕೆ ಕೊಡಲಿಯ ಗುರುತು ಬಿದ್ದಿದೆ ಎಂದು ಬರೆದುಕೊಳ್ಳಲಿ. ಆ ಪಟ್ಟಿ ಮುಂದಿನ ಗ್ರಾಮಸಭೆಯಲ್ಲಿ ಓದಲ್ಪಟ್ಟು ನಡಾವಳಿಯಲ್ಲಿ ದಾಖಲಾಗಲಿ. ಮರು ತಿಂಗಳು ಅದೇ ದಾರಿಯಲ್ಲಿ ಹೋಗಿ ಏನು ಸರಿಯಾಯಿತು, ಏನು ಆಗಲಿಲ್ಲ ಎಂದು ಗುರುತು ಹಾಕಲಿ. ಒಂದೇ ಬಾರಿ ಕೊಟ್ಟ ಮನವಿಯನ್ನು ಕಚೇರಿ ಮರೆಯಬಹುದು. ಹನ್ನೆರಡು ತಿಂಗಳು ಹನ್ನೆರಡು ಬಾರಿ ಬಂದ ಪಟ್ಟಿಯನ್ನು ಮರೆಯುವುದು ಸುಲಭವಲ್ಲ.

ಬೆಂಗಳೂರಿನ ಸೈಕಲ್ ದಿನದಿಂದ ಕಲಿಯಬೇಕಾದ ಪಾಠವೂ ಇದೇ. ಸವಾರಿ ಆರಂಭವೇ ಹೊರತು ಗುರಿಯಲ್ಲ. ಉತ್ಸವದ ದಿನ ರಸ್ತೆ ಯಾರದೆಂದು ಕೇಳುವುದು ಸುಲಭ, ಸೋಮವಾರ ಬೆಳಿಗ್ಗೆ ಕೇಳುವುದು ಕಷ್ಟ. ಸೋಮವಾರ ಬೆಳಿಗ್ಗೆ ಪುಸ್ತಕದ ಚೀಲ ಹೊತ್ತು ಸೈಕಲ್ ತುಳಿಯುವ ಹದಿಮೂರು ವರ್ಷದ ಬಾಲಕಿ ಲಾರಿಗೆ ಹೆದರದೆ ಶಾಲೆ ಸೇರಿ, ಸಂಜೆ ಬೆಳಕಿರುವಾಗಲೇ ಮನೆಗೆ ಮರಳಿದರೆ, ಆ ಊರಿನ ಪರಿಸರ ಚಳವಳಿ ಗೆದ್ದಿತೆಂದು ತಿಳಿಯಬಹುದು.

ಹಿತ್ತಲಿನಲ್ಲಿ ತುಕ್ಕು ಹಿಡಿಯುತ್ತಿರುವ ಸೈಕಲ್ಲಿನ ಸರಪಳಿಗೆ ಎಣ್ಣೆ ಬೀಳಲಿ, ಚಕ್ರಕ್ಕೆ ಗಾಳಿ ತುಂಬಲಿ. ಉಳಿದದ್ದನ್ನು ದಾರಿಯೇ ಕಲಿಸುತ್ತದೆ.