ನಲವತ್ತು ದಿನದ ನಡಿಗೆ

(ಸಂಘದ ಸಂಸ್ಥಾಪನಾ ದಿನಾಚರಣೆಯ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಥ ಸಮಾರಂಭಗಳಲ್ಲಿ ವೈದ್ಯರನ್ನು ವೇದಿಕೆಗೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಬಗ್ಗೆ ನಾಲ್ಕು ಮಾತು ಹೇಳಿಸುವುದು ವಾಡಿಕೆ. ಅದೂ ಹೊರಗೆ ಹೋಳಿಗೆ ಊಟ ಸಿದ್ಧವಾಗಿರುವಾಗ! ಇವತ್ತು ಆ ಅಪರಾಧ ಮಾಡುವುದಿಲ್ಲ. ಕಳೆದ ಚಳಿಗಾಲದಲ್ಲಿ ನಮ್ಮಲ್ಲಿ ಕೆಲವರು ಕೂಡಿ ಒಂದು ಸಣ್ಣ ಸಂಕಲ್ಪ ಮಾಡಿದೆವು. ಅದು ನಡುದಾರಿಯಲ್ಲಿ ಮುಗ್ಗರಿಸಿತು, ಮತ್ತೆ ಎದ್ದಿತು. ಆ ಕಥೆಯನ್ನು ನಿಮ್ಮ ಮುಂದೆ ಇಡುತ್ತೇವೆ. ‘ನಾವು’ ಎಂದು ಹೇಳುವುದಕ್ಕೆ ಕಾರಣವಿದೆ. ಒಬ್ಬರೇ ಆಗಿದ್ದರೆ ಆ ಸಂಕಲ್ಪ ಹತ್ತನೆಯ ದಿನಕ್ಕೇ ಮುಗಿದುಹೋಗುತ್ತಿತ್ತು.

ಮಸ್ಕತ್ತಿನ ಚಳಿಗಾಲ ಎಷ್ಟು ಸೊಗಸೆಂಬುದು ನಿಮಗೆ ಗೊತ್ತು. ಎಂಟು ತಿಂಗಳು ಏ.ಸಿ.ಯ ಮುಂದೆ ಕುಳಿತವರು ಡಿಸೆಂಬರ್ ಬಂದೊಡನೆ ಕುರುಮ್ ಕಡಲತೀರಕ್ಕೆ, ಮತ್ರಾದ ಕಾರ್ನಿಶ್‌ಗೆ ಧಾವಿಸುತ್ತೇವೆ. ಊರಿನಿಂದ ತಂದ ಸ್ವೆಟರನ್ನು ಪೆಟ್ಟಿಗೆಯಿಂದ ತೆಗೆದು, ಸೆಖೆಯಾದರೂ ಸರಿಯೆಂದು ಒಂದು ದಿನವಾದರೂ ಹಾಕಿಕೊಳ್ಳುತ್ತೇವೆ. ಇನ್ನೂ ಚಳಿ ಬೇಕೆನ್ನುವವರು ಜೆಬೆಲ್ ಶಮ್ಸ್ ಹತ್ತಿ ಡೇರೆ ಹಾಕುತ್ತಾರೆ. ಅಲ್ಲಿ ರಾತ್ರಿಯ ಉಷ್ಣತೆ ಸೊನ್ನೆಗಿಂತ ಕೆಳಗೂ ಇಳಿಯುವುದುಂಟು. ಚಳಿ ನಮಗೆ ಹಣ ಕೊಟ್ಟು ಪಡೆಯುವ ಸುಖ.

ಆದರೆ ಚಳಿಯ ಇನ್ನೊಂದು ಮುಖವನ್ನು ನಾವು ವೈದ್ಯವೃತ್ತಿಯ ಆರಂಭದಲ್ಲೇ ಕಂಡಿದ್ದೆವು. ಎಂ.ಬಿ.ಬಿ.ಎಸ್. ಮುಗಿಸಿ ಉತ್ತರ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಮಾಡುತ್ತಿದ್ದ ಕಾಲ. ಒಂದು ಡಿಸೆಂಬರಿನ ಮುಂಜಾನೆ ಇಬ್ಬರು ಪೊಲೀಸರು ಅರವತ್ತರ ಆಸುಪಾಸಿನ ಒಬ್ಬರನ್ನು ಆಟೋದಲ್ಲಿ ಮಲಗಿಸಿಕೊಂಡು ಬಂದರು. ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ್ದವರು. ರಾತ್ರಿ ತುಂತುರು ಬಿದ್ದು ಬಟ್ಟೆ ನೆನೆದಿತ್ತು. ಥರ್ಮಾಮೀಟರ್ ಇಟ್ಟರೆ ಪಾದರಸ ಮೇಲೇಳಲೇ ಇಲ್ಲ. ದೇಹದ ಒಳಗಿನ ಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದನ್ನು ಹೈಪೋಥರ್ಮಿಯಾ ಎನ್ನುತ್ತೇವೆ. ಇದು ಹಿಮ ಬೀಳುವ ದೇಶಗಳ ಕಾಯಿಲೆಯೆಂದು ಪುಸ್ತಕದಲ್ಲಿ ಓದಿದ್ದ ನಮಗೆ ಆ ದಿನ ಪಾಠವಾಯಿತು. ಹೊಟ್ಟೆಗಿಲ್ಲದ ದೇಹ, ಒದ್ದೆ ಬಟ್ಟೆ, ಶಾಖ ಹೀರುವ ಸಿಮೆಂಟಿನ ನೆಲ ಇವು ಮೂರು ಕೂಡಿದರೆ ಹತ್ತು ಹನ್ನೆರಡು ಡಿಗ್ರಿಯ ಚಳಿಯೇ ಸಾಕು. ಬೀದರ್, ವಿಜಯಪುರಗಳಲ್ಲಿ ಅದಕ್ಕಿಂತಲೂ ತಣ್ಣಗಿನ ರಾತ್ರಿಗಳು ಬರುತ್ತವೆ. ಚಳಿಗೆಂದು ಮದ್ಯ ಕುಡಿದರೆ ಇನ್ನೂ ಕೇಡು. ಚರ್ಮದ ರಕ್ತನಾಳಗಳು ಹಿಗ್ಗಿ ಮೈ ಬೆಚ್ಚಗಾದಂತೆ ಅನಿಸುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಸೋರಿಹೋಗುತ್ತಿರುತ್ತದೆ.

ಒದ್ದೆ ಬಟ್ಟೆ ತೆಗೆದು, ಕಂಬಳಿ ಸುತ್ತಿ, ಬೆಚ್ಚಗಿನ ಸಲೈನ್ ಕೊಟ್ಟು ಕಾದೆವು. ಮೂರನೆಯ ದಿನ ಅವರು ಎದ್ದು ಕುಳಿತು ಚಹಾ ಕೇಳಿದರು. ವಾರ್ಡಿಗೆ ವಾರ್ಡೇ ಸಂತೋಷಪಟ್ಟಿತು. ಹಾಸಿಗೆಗಳು ಸಾಲದಿದ್ದುದರಿಂದ ಐದನೆಯ ದಿನ ಬಿಡುಗಡೆ ಮಾಡಿದೆವು. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ವಿಳಾಸ’ ಎಂಬಲ್ಲಿ ಏನು ಬರೆಯುವುದೆಂದು ತಿಳಿಯದೆ ಬಸ್‌ಸ್ಟ್ಯಾಂಡಿನ ಹೆಸರನ್ನೇ ಬರೆದೆವು. ಹನ್ನೆರಡು ದಿನಗಳ ಬಳಿಕ ಅವರು ಅದೇ ವಿಳಾಸದಿಂದ ಮರಳಿ ಬಂದರು. ಈ ಸಲ ನಮ್ಮ ಕೈಲಿ ಆಗುವಂಥದ್ದು ಏನೂ ಉಳಿದಿರಲಿಲ್ಲ.

ಕೆಲವು ವರ್ಷಗಳಾದ ಮೇಲೆ ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದೆವು. ಮನೆ, ಕಾರು, ಮಕ್ಕಳ ಶಾಲೆ ಎಲ್ಲವೂ ಆಯಿತು. ಆ ಖಾಲಿ ವಿಳಾಸ ಮಾತ್ರ ಪ್ರತಿ ಡಿಸೆಂಬರಿಗೆ ನೆನಪಾಗುತ್ತಿತ್ತು. ಹೀಗೆ ಒಂದು ದಿನ ಊಟದ ನಡುವೆ ಈ ಮಾತು ಬಂದಾಗ ಗೆಳೆಯರೊಬ್ಬರು ವಿದೇಶಗಳ ಸುದ್ದಿ ತೆಗೆದರು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 2006ರಲ್ಲಿ ಕಂಪೆನಿಗಳ ಮುಖ್ಯಸ್ಥರು ಚಳಿಯ ಒಂದು ರಾತ್ರಿ ಬಯಲಲ್ಲಿ ಮಲಗಿ ನಿರ್ವಸಿತರಿಗಾಗಿ ಹಣ ಕೂಡಿಸಿದರು. 2017ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಉದ್ಯಾನದಲ್ಲಿ ಸುಮಾರು 8 ಸಾವಿರ ಜನ ಹಾಗೆಯೇ ರಾತ್ರಿ ಕಳೆದರು. ನಾವೂ ಮಲಗೋಣವೆಂದರೆ ಮಸ್ಕತ್ತಿನಲ್ಲಿ ಅದು ಪಿಕ್‌ನಿಕ್ ಆಗಿಬಿಡುತ್ತದಲ್ಲ! ಆದ್ದರಿಂದ ನಡೆಯುವುದೆಂದು ತೀರ್ಮಾನಿಸಿದೆವು. ಡಿಸೆಂಬರ್ 1ರಿಂದ ನಲವತ್ತು ದಿನ, ದಿನಕ್ಕೆ ಐದು ಕಿಲೋಮೀಟರ್, ಕಿಲೋಮೀಟರಿಗೆ 100 ಬೈಸಾ. ಹದಿನಾಲ್ಕು ಮನೆಗಳಿಂದ 22 ಜನ ಹೆಸರು ಕೊಟ್ಟರು.

ಮೊದಲ ಎಡವು ಮೊದಲ ವಾರದಲ್ಲೇ ಆಯಿತು. ಉತ್ಸಾಹದಲ್ಲಿ ನಾವು ‘ನಮ್ಮ ನಡಿಗೆಗೆ ನೀವೂ ಹಣ ಕೊಡಿ’ ಎಂದು ವಾಟ್ಸಾಪಿನಲ್ಲಿ ಸಂದೇಶ ಬರೆದು ಹಂಚಲು ಹೊರಟಿದ್ದೆವು. ಸಂಘದ ಹಿರಿಯರೊಬ್ಬರು ರಾತ್ರಿಯೇ ಫೋನ್ ಮಾಡಿ, “ಡಾಕ್ಟ್ರೇ, ಕೆಲಸ ಒಳ್ಳೆಯದು, ದಾರಿ ಸರಿಯಿಲ್ಲ. ಮೊದಲು ಅದನ್ನು ಅಳಿಸಿಬಿಡಿ,” ಎಂದರು. ಅವರ ಮಾತು ನಿಜ. ಈ ದೇಶದಲ್ಲಿ ಅನುಮತಿಯಿಲ್ಲದೆ ಸಾರ್ವಜನಿಕರಿಂದ ಹಣ ಸಂಗ್ರಹಿಸುವುದು 2018ರ ದಂಡ ಸಂಹಿತೆಯ ಪ್ರಕಾರ ಅಪರಾಧ. ಉದ್ದೇಶ ಒಳ್ಳೆಯದೆಂಬ ಕಾರಣಕ್ಕೆ ವಿನಾಯಿತಿಯಿಲ್ಲ. ನಮಗೆ ಅನ್ನ ಕೊಟ್ಟ ನೆಲದ ಕಾನೂನನ್ನು ಗೌರವಿಸದೆ ಮಾಡುವ ದಾನ ದಾನವಾಗದು. ಆ ರಾತ್ರಿ ಕೆಲವರು “ಹಾಗಾದರೆ ಬಿಟ್ಟೇ ಬಿಡೋಣ” ಎಂದದ್ದೂ ಉಂಟು. ಕೊನೆಗೆ ನಿಯಮವನ್ನೇ ಬದಲಿಸಿದೆವು. ಯಾರಿಂದಲೂ ಒಂದು ಬೈಸಾ ಕೇಳುವುದಿಲ್ಲ. ನಡೆದವರು ತಮ್ಮ ನಡಿಗೆಯ ಲೆಕ್ಕವನ್ನು ತಮ್ಮದೇ ಸಂಬಳದಿಂದ ತೆಗೆದಿಟ್ಟು, ತಾವೇ ನೇರವಾಗಿ ಊರಿನ ಸಂಸ್ಥೆಗೆ ಬ್ಯಾಂಕಿನ ಮೂಲಕ ಕಳಿಸಬೇಕು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ಸ್ವಂತ ಉಳಿತಾಯದಿಂದ ಹೀಗೆ ಕೊಟ್ಟದ್ದನ್ನು ಭಾರತದ ಕಾಯಿದೆ ವಿದೇಶಿ ದೇಣಿಗೆಯೆಂದು ಎಣಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಡುವುದಾದರೆ ಆ ಸಂಸ್ಥೆಗೆ ವಿದೇಶಿ ದೇಣಿಗೆಯ ನೋಂದಣಿ ಇರಬೇಕು. ಮುಂದೆ ಇಂಥ ಕೆಲಸಕ್ಕೆ ಕೈಹಾಕುವವರು ಇದನ್ನು ನೆನಪಿಡುವುದು ಒಳಿತು.

ಎರಡನೆಯ ಎಡವು ಇದಕ್ಕಿಂತ ದೊಡ್ಡದು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನೆಂಬ ಗಾದೆ ನಮ್ಮನ್ನು ನೋಡಿಯೇ ಹುಟ್ಟಿರಬೇಕು. ಮೊದಲ ದಿನ ಹೊಸ ಬೂಟು, ಹೊಸ ಟೋಪಿ, ಫೋಟೋಗಳ ಸುರಿಮಳೆ. ಎರಡನೆಯ ವಾರಕ್ಕೆ ಒಬ್ಬರಿಗೆ ರಾತ್ರಿ ಪಾಳಿ, ಇನ್ನೊಬ್ಬರ ಮಕ್ಕಳಿಗೆ ಪರೀಕ್ಷೆ, ಮತ್ತೊಬ್ಬರಿಗೆ ಊರಿನಿಂದ ಅತ್ತೆ ಮಾವ ಬಂದಿದ್ದಾರೆ. ಹದಿನಾರನೆಯ ದಿನ ಕಾರ್ನಿಶ್‌ನಲ್ಲಿ ಸೇರಿದವರು ಒಂಬತ್ತೇ ಜನ. ಆ ಒಂಬತ್ತು ಜನರಲ್ಲೂ ಗೊಣಗಾಟ: “ನಾವೇನು ಇಲ್ಲಿ ನಡೆದರೆ ಅಲ್ಲಿ ಯಾರ ಚಳಿ ಕಡಿಮೆಯಾಗುತ್ತದೆ?”

ಒಮಾನಿನಲ್ಲಿ ಹಳಬರಾದವರಿಗೆ 2021ರ ಅಕ್ಟೋಬರ್ 3 ನೆನಪಿರಬಹುದು. ಶಾಹೀನ್ ಚಂಡಮಾರುತ ಬಾತಿನಾ ತೀರಕ್ಕೆ ಅಪ್ಪಳಿಸಿ ಸುವೈಕ್, ಖಾಬೂರಾ ಕಡೆ ಎಷ್ಟೋ ಮನೆಗಳಿಗೆ ಕೆಸರುನೀರು ನುಗ್ಗಿತು. ದೇಶದ ಎಲ್ಲ ಕಡೆಯಿಂದ ಜನ ಪೊರಕೆ ಸಲಿಕೆ ಹಿಡಿದು ಹೋದರು. ಅಂಥ ಹೊತ್ತಿನಲ್ಲಿ ಮನಸ್ಸು ತಾನಾಗಿ ಮಿಡಿಯುತ್ತದೆ. ಆದರೆ ಬೀದಿಯಲ್ಲಿ ಮಲಗುವವರ ಚಳಿಗೆ ಹೆಸರಿಲ್ಲ, ಟಿ.ವಿ.ಯಲ್ಲಿ ಮುನ್ಸೂಚನೆಯಿಲ್ಲ. ಅದು ಪ್ರತಿ ರಾತ್ರಿ ಸದ್ದಿಲ್ಲದೆ ಬರುತ್ತದೆ. ಅದಕ್ಕೆ ಮಿಡಿಯಲು ಒಂದು ದಿನದ ಉತ್ಸಾಹ ಸಾಲದು, ಅಭ್ಯಾಸವೇ ಬೇಕು.

ಆಗ ನಮಗೆ ನೆರವಾದದ್ದು ಕ್ಷಯರೋಗದ ಚಿಕಿತ್ಸೆಯ ಪಾಠ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ ನುಂಗಬೇಕು. ರೋಗಿಗಳು ಮಾತ್ರೆ ಬಿಡುವುದು ಹೆಚ್ಚಾಗಿ ಎರಡನೆಯ ತಿಂಗಳ ಹೊತ್ತಿಗೆ, ಕೆಮ್ಮು ನಿಂತು ಮೈ ತುಂಬಿಕೊಂಡಾಗ. ಅವರ ಮನಸ್ಸು ದುರ್ಬಲವೆಂದು ಬೈದು ಪ್ರಯೋಜನವಿಲ್ಲವೆಂದು ವೈದ್ಯಲೋಕ ಬಹಳ ಹಿಂದೆಯೇ ಕಂಡುಕೊಂಡಿತು. ಅದಕ್ಕೇ ಡಾಟ್ಸ್ ಎಂಬ ಪದ್ಧತಿ ಬಂತು. ರೋಗಿ ಮಾತ್ರೆ ನುಂಗುವುದನ್ನು ಇನ್ನೊಬ್ಬರು ಎದುರು ಕುಳಿತು ನೋಡುತ್ತಾರೆ, ಅಷ್ಟೆ. ನಾವೂ ಜೋಡಿ ಮಾಡಿಕೊಂಡೆವು. ಒಬ್ಬರು ಇನ್ನೊಬ್ಬರ ಮನೆಯ ಕೆಳಗೆ ಹೋಗಿ ನಿಲ್ಲಬೇಕು. ಕೆಳಗೆ ಗೆಳೆಯ ಕಾಯುತ್ತಿದ್ದಾನೆಂದರೆ ಸೋಫಾದಿಂದ ಏಳದೆ ವಿಧಿಯಿಲ್ಲ! ಎರಡನೆಯ ನಿಯಮ, ತಪ್ಪಿದ ದಿನದ ಸಾಲ ತೀರಿಸುವಂತಿಲ್ಲ. ನಿನ್ನೆ ಬಿ.ಪಿ. ಮಾತ್ರೆ ಮರೆತರೆ ಇವತ್ತು ಎರಡು ನುಂಗಬೇಡಿ ಎಂದು ನಾವು ಹೇಳುವುದಿಲ್ಲವೇ? ಮೂರು ದಿನ ತಪ್ಪಿಸಿದವರು ಹದಿನೈದು ಕಿಲೋಮೀಟರಿನ ಬಾಕಿಗೆ ಹೆದರಿಯೇ ಪೂರ್ತಿ ಬಿಟ್ಟಿದ್ದರು. ಬಾಕಿಯಿಲ್ಲ, ಇವತ್ತಿನ ಐದು ಮಾತ್ರ ಎಂದೊಡನೆ ಅರ್ಧಕ್ಕಿಂತ ಹೆಚ್ಚು ಜನ ಮರಳಿ ಬಂದರು.

ನಡಿಗೆ ಹಳಿಗೆ ಬಂದ ಮೇಲೆ ಮೂರನೆಯ ಪ್ರಶ್ನೆ ಎದ್ದಿತು, ಹಣದಿಂದ ಏನು ಮಾಡುವುದು? ಎಲ್ಲರ ಬಾಯಲ್ಲೂ ಒಂದೇ ಉತ್ತರ, ಕಂಬಳಿ. ಊರಿನಲ್ಲಿ ಈ ಕ್ಷೇತ್ರದಲ್ಲೇ ದುಡಿಯುತ್ತಿರುವ ಹಳೆಯ ಸಹಪಾಠಿಯನ್ನು ಕೇಳಿದೆವು. ಅವರು ನಕ್ಕು, “ಕೊಡಿ, ಬೇಡ ಅನ್ನೋದಿಲ್ಲ. ಆದರೆ ಬೆಳಿಗ್ಗೆ ಐದಕ್ಕೆ ಜಾಗ ಖಾಲಿ ಮಾಡಬೇಕಾದವನು ಆ ಕಂಬಳಿಯನ್ನು ಎಲ್ಲಿಡಬೇಕು ಹೇಳಿ,” ಎಂದರು. ಉತ್ತರ ನಮ್ಮಲ್ಲಿರಲಿಲ್ಲ. ನಮ್ಮ ಡಿಸ್ಚಾರ್ಜ್ ಕಾರ್ಡಿನ ಖಾಲಿ ವಿಳಾಸವೇ ಮತ್ತೆ ಎದುರು ಬಂದು ನಿಂತಂತಾಯಿತು.

2011ರ ಜನಗಣತಿಯಂತೆ ಭಾರತದಲ್ಲಿ ಮನೆಯಿಲ್ಲದವರು ಸುಮಾರು 17.7 ಲಕ್ಷ. 2010ರ ಚಳಿಗಾಲದಲ್ಲಿ ದೆಹಲಿಯ ನಿರ್ವಸಿತರ ಸಂಕಷ್ಟ ಸುಪ್ರೀಂ ಕೋರ್ಟಿನ ಗಮನಕ್ಕೆ ಬಂದ ಮೇಲೆ ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ಹಗಲೂ ರಾತ್ರಿ ತೆರೆದಿರುವ ಆಶ್ರಯ ಬೇಕೆಂಬ ಅಳತೆ ಬಂತು. ಇನ್ನು ಬೀದಿಯಲ್ಲಿರುವ ಎಷ್ಟೋ ಮಂದಿ ಮನೆಯಿಲ್ಲದವರಲ್ಲ, ಮನೆಯ ದಾರಿ ಮರೆತ ಮನೋರೋಗಿಗಳು. ಇಂಥವರನ್ನು ಕರೆತಂದು, ಚಿಕಿತ್ಸೆ ಕೊಟ್ಟು, ಊರಿಗೆ ತಲುಪಿಸುವ ಕೆಲಸಕ್ಕಾಗಿಯೇ ಮುಂಬಯಿಯ ಮನೋವೈದ್ಯ ಡಾ. ಭರತ್ ವಟ್ವಾನಿ ಅವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ಕಾಸರಗೋಡಿನ ಮಂಜೇಶ್ವರದಲ್ಲಿ ಆಟೋ ಚಾಲಕರಾಗಿದ್ದ ಜೋಸೆಫ್ ಕ್ರಾಸ್ತಾ ಅವರು ಕಟ್ಟಿದ ಸ್ನೇಹಾಲಯವೂ ಇದೇ ಕೆಲಸ ಮಾಡುತ್ತಿದೆಯೆಂಬುದನ್ನು ಕರಾವಳಿಯ ಬಂಧುಗಳಿಗೆ ಬಿಡಿಸಿ ಹೇಳಬೇಕಿಲ್ಲ. ಇವರೆಲ್ಲರಿಗೂ ಬೇಕಾದದ್ದು ಜನವರಿಯ ಒಂದು ದಿನ ಲಾರಿಯಲ್ಲಿ ಬಂದಿಳಿಯುವ ಕಂಬಳಿಯಲ್ಲ. ಪ್ರತಿ ತಿಂಗಳೂ ತಪ್ಪದೆ ಬರುವ ಅಕ್ಕಿ, ಔಷಧಿ, ನೋಡಿಕೊಳ್ಳುವವರ ಸಂಬಳ.

ನಲವತ್ತನೆಯ ದಿನ ಲೆಕ್ಕ ಹಾಕಿದೆವು. 22 ಜನ ಪೂರ್ತಿ ನಡೆದಿದ್ದರೆ 4,400 ಕಿಲೋಮೀಟರ್ ಆಗಬೇಕಿತ್ತು. ಆದದ್ದು 3,160. ಅಂದರೆ 316 ರಿಯಾಲ್. ಊರಿನ ಲೆಕ್ಕದಲ್ಲಿ ಅರವತ್ತೈದು ಸಾವಿರ ರೂಪಾಯಿಗೂ ಮೇಲೆ. ದೊಡ್ಡ ಮೊತ್ತವೇನಲ್ಲ. ಆದರೆ ಆ ಸಂಜೆ ಒಬ್ಬ ಹುಡುಗಿ, ನಮ್ಮ ತಂಡದ ಅತಿ ಚಿಕ್ಕವಳು, “ಅಂಕಲ್, ನಾಳೆಯಿಂದ ಅವರಿಗೆ ಚಳಿ ಆಗೋದಿಲ್ವಾ?” ಎಂದು ಕೇಳಿದಳು. ನಡಿಗೆ ಮುಗಿಸಿ ಚಹಾ ಕುಡಿಯುತ್ತಿದ್ದ ಹಿರಿಯರೆಲ್ಲ ಸುಮ್ಮನಾದರು. ಆ ಮೌನದಿಂದಲೇ ಮುಂದಿನ ತೀರ್ಮಾನ ಹುಟ್ಟಿತು. ಹದಿನಾಲ್ಕು ಮನೆಗಳಲ್ಲಿ ಹನ್ನೊಂದು ಮನೆಗಳು ತಿಂಗಳಿಗೆ ಐದು ರಿಯಾಲನ್ನು ತಮ್ಮ ಖಾತೆಯಿಂದ ತಾವೇ ಕಳಿಸುತ್ತಿವೆ. ವರ್ಷಕ್ಕೆ 660 ರಿಯಾಲ್, ಇಡೀ ನಡಿಗೆಯಲ್ಲಿ ಕೂಡಿದ್ದರ ಎರಡರಷ್ಟಕ್ಕೂ ಹೆಚ್ಚು. ಫೋಟೋ ಇಲ್ಲ, ಟೋಪಿಯಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಎಂಬುದು ನಿಜ, ಆದರೆ ಹನಿ ನಿಲ್ಲಬಾರದು.

ಬಂಧುಗಳೇ, ಈ ವೇದಿಕೆಯಿಂದ ನಾವು ಹಣ ಕೇಳುವುದಿಲ್ಲ, ಯಾವ ಸಂಸ್ಥೆಗೆ ಕಳಿಸುತ್ತೇವೆಂದೂ ಹೇಳುವುದಿಲ್ಲ. ಒಂದೇ ಬಿನ್ನಹ. ಮುಂದಿನ ಸಲ ರಜೆಗೆ ಊರಿಗೆ ಹೋದಾಗ, ನಿಮ್ಮ ತಾಲ್ಲೂಕಿನಲ್ಲೋ ಜಿಲ್ಲೆಯಲ್ಲೋ ಇರುವ ಇಂಥ ಒಂದು ಆಶ್ರಯಕ್ಕೆ ಮಕ್ಕಳೊಂದಿಗೆ ಹೋಗಿ ಒಂದು ಗಂಟೆ ಕುಳಿತು ಬನ್ನಿ. ಬೀದಿಯಲ್ಲಿ ಅಲೆಯುವ ಮನೋರೋಗಿ ಕಂಡರೆ ಪೊಲೀಸರಿಗೆ ತಿಳಿಸಿ. ಅಂಥವರನ್ನು ರಕ್ಷಣೆಗೆ ತೆಗೆದುಕೊಂಡು ಸರಕಾರಿ ಆರೋಗ್ಯ ಕೇಂದ್ರಕ್ಕೆ ತಲುಪಿಸುವುದು 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ ಅವರ ಕರ್ತವ್ಯ. ಬಂದ ಮೇಲೆ ನಿಮ್ಮ ಕೈಲಾದಷ್ಟನ್ನು, ಎಷ್ಟು ಸಣ್ಣದಾದರೂ ಸರಿ, ಪ್ರತಿ ತಿಂಗಳು ಮಾಡಿ.

ಈ ಸಂಘವೂ ಹೀಗೆಯೇ ಅಲ್ಲವೇ ಬೆಳೆದದ್ದು? ಯಾರದೋ ಮನೆಯ ಹಜಾರದಲ್ಲಿ ಸೇರಿದ ನಾಲ್ಕಾರು ಜನ, ಮುಂದಿನ ತಿಂಗಳು ಮತ್ತೆ ಸೇರಿದರು, ಅದರ ಮುಂದಿನ ತಿಂಗಳೂ ಸೇರಿದರು. ಅವರು ಒಂದೇ ಸಲ ಸೇರಿ ಫೋಟೋ ತೆಗೆಸಿಕೊಂಡು ಹೋಗಿದ್ದರೆ ಇವತ್ತು ಆಚರಿಸಲು ಸಂಸ್ಥಾಪನಾ ದಿನವೇ ಇರುತ್ತಿರಲಿಲ್ಲ. ಬರುವ ಡಿಸೆಂಬರ್ 1ರ ಸಂಜೆ ಕಾರ್ನಿಶ್‌ನಲ್ಲಿ ಮತ್ತೆ ನಡಿಗೆ ಶುರುವಾಗುತ್ತದೆ. ಬರುವವರು ಬನ್ನಿ. ಒಂದು ದಿನ ತಪ್ಪಿದರೆ ಚಿಂತೆಯಿಲ್ಲ, ಬಾಕಿ ಕೇಳುವುದಿಲ್ಲ. ಮರುದಿನ ನಿಮ್ಮ ಮನೆಯ ಕೆಳಗೆ ಯಾರಾದರೂ ಕಾಯುತ್ತಿರುತ್ತಾರೆ.