ಜೆರೆಮಿ: ಒಬ್ಬ ಅಜ್ಜನ ಊರು



ಈ ಹೊತ್ತು ನಿಮಗೆ ಪರಿಚಯಿಸುತ್ತಿರುವ ಊರು ಜೆರೆಮಿ. ಕ್ಯಾರಿಬಿಯನ್ ಕಡಲಿನ ಹೈಟಿ ದೇಶದಲ್ಲಿ, ಪಶ್ಚಿಮಕ್ಕೆ ಉದ್ದಕ್ಕೆ ಚಾಚಿಕೊಂಡ ದಕ್ಷಿಣದ ಪರ್ಯಾಯದ್ವೀಪದ ತುದಿಗೆ ಹತ್ತಿರ, ಅದರ ಉತ್ತರ ದಡದಲ್ಲಿ ಈ ಊರಿದೆ. ಮುಂದೆ ಕಡಲು, ಹಿಂದೆ ಕಡಿದಾದ ಬೆಟ್ಟಗಳು. ರಾಜಧಾನಿಯಿಂದ ಇಲ್ಲಿಗೆ ಬರುವ ದಾರಿ ಕಷ್ಟದ್ದು. ಬಹುಕಾಲ ಜನರೂ ಸರಕೂ ಹಡಗಿನಲ್ಲೇ ಬಂದು ಹೋಗುತ್ತಿದ್ದರು. ಬೆಟ್ಟದ ಇಳಿಜಾರುಗಳಲ್ಲಿ ಕಾಫಿ, ಕೋಕೋ. ಮನೆಮನೆಯ ಹಿತ್ತಲಲ್ಲಿ ಜೀಗುಜ್ಜೆ ಮರ. ಬೇಯಿಸಿದ ಜೀಗುಜ್ಜೆಯನ್ನು ಒರಳಿಗೆ ಹಾಕಿ ಕುಟ್ಟಿ, ಬೆಂಡೆಕಾಯಿಯ ಲೋಳೆಸಾರಿನ ಜೊತೆ ಬಡಿಸುತ್ತಾರೆ. ಅದಕ್ಕೆ ಟೋಮ್‌ಟೋಮ್ ಎಂದು ಹೆಸರು. ನಮ್ಮ ರಾಗಿಮುದ್ದೆಯ ಹಾಗೆ ಅದನ್ನು ಅಗಿಯುವುದಿಲ್ಲ, ನುಂಗುತ್ತಾರೆ.

ಹೈಟಿಯ ಜನ ಜೆರೆಮಿಯನ್ನು ಕವಿಗಳ ಊರೆಂದು ಕರೆಯುತ್ತಾರೆ. ಎತ್ಸೆರ್ ವಿಲೇರ್, ಎಮಿಲ್ ರೂಮೇರ್, ಜಾನ್ ಬ್ರಿಯೇರ್ ಇಲ್ಲಿಯವರು. ಆದರೆ ಇಂದು ನಾನು ಹೇಳಹೊರಟಿರುವುದು ಕವಿಯಲ್ಲದ, ಆದರೆ ಇಬ್ಬರು ಮಹಾ ಬರಹಗಾರರ ಬೆನ್ನಿಗಿದ್ದ ಒಬ್ಬ ಮನುಷ್ಯನ ಕಥೆ. ಆತ ಒಬ್ಬ ಕಾದಂಬರಿಕಾರನಿಗೆ ತಂದೆ, ಒಬ್ಬ ನಾಟಕಕಾರನಿಗೆ ಅಜ್ಜ.

1762ರ ಮಾರ್ಚ್ 25ರಂದು ಜೆರೆಮಿಯಲ್ಲಿ ಒಂದು ಗಂಡುಮಗು ಹುಟ್ಟಿತು. ಆಗ ಈ ನಾಡಿಗೆ ಸೇಂಟ್ ಡೊಮಿಂಗ್ ಎಂದು ಹೆಸರು. ಫ್ರೆಂಚರ ಅತಿ ಲಾಭದ ವಸಾಹತು. ಮಗುವಿನ ತಂದೆ ನಾರ್ಮಂಡಿಯ ಸಿರಿವಂತ ಮನೆತನದ ಆಂತ್ವಾನ್. ಅಣ್ಣತಮ್ಮಂದಿರ ಜಗಳದಿಂದ ತಪ್ಪಿಸಿಕೊಂಡು, ಹೆಸರು ಬದಲಿಸಿಕೊಂಡು, ಈ ದೂರದ ಮೂಲೆಯಲ್ಲಿ ತೋಟ ಮಾಡಿಕೊಂಡಿದ್ದವನು. ತಾಯಿ ಮಾರಿ ಸೆಸೆತ್ ಡ್ಯೂಮಾ, ಅವನು ಹಣ ಕೊಟ್ಟು ಕೊಂಡಿದ್ದ ಕಪ್ಪು ಹೆಂಗಸು. ತಾಯಿ ಗುಲಾಮಳಾದರೆ ಮಗುವೂ ಗುಲಾಮ. ಫ್ರೆಂಚ್ ದೊರೆಯ ಕಾನೂನು 1685ರಿಂದಲೂ ಹಾಗೆಯೇ ಇತ್ತು.

ಆಸ್ತಿಗೆ ಹಕ್ಕು ಹೇಳಲು ಆಂತ್ವಾನ್ ಫ್ರಾನ್ಸಿಗೆ ಹೊರಟಾಗ ಕೈಯಲ್ಲಿ ಕಾಸಿರಲಿಲ್ಲ. ಉಳಿದ ಮಕ್ಕಳನ್ನು ಮಾರಿದ. ಈ ಮಗನನ್ನು, ಮುಂದೆ ಬಿಡಿಸಿಕೊಳ್ಳುವ ಕರಾರಿನ ಮೇಲೆ, ಅಡವಿಟ್ಟ. ಹೆತ್ತವನೇ ಮಗನನ್ನು ಅಡವಿಟ್ಟ ಆ ವ್ಯವಹಾರವನ್ನು ಎಷ್ಟು ಸಲ ಓದಿದರೂ ನನಗೆ ಸಂಕಟವಾಗುತ್ತದೆ. ಮಾತಿನಂತೆ ಬಿಡಿಸಿಕೊಂಡಿದ್ದೂ ನಿಜ. 1776ರಲ್ಲಿ ಹದಿನಾಲ್ಕರ ಹುಡುಗ ಹಡಗಿಳಿದು ಫ್ರಾನ್ಸಿನ ನೆಲ ತುಳಿದ. ಕತ್ತಿವರಸೆ ಕಲಿತ, ಕುದುರೆ ಸವಾರಿ ಕಲಿತ, ಸಿರಿವಂತರ ಮಗನಂತೆ ಬಾಳಿದ. ಹತ್ತು ವರ್ಷಗಳ ನಂತರ, ತಂದೆಯ ಹಂಗು ಸಾಕೆಂದು, ರಾಣಿಯ ಕುದುರೆಪಡೆಗೆ ಸಾಮಾನ್ಯ ಸಿಪಾಯಿಯಾಗಿ ಸೇರಿದ. ಅಲ್ಲಿ ಬರೆಸಿದ ಹೆಸರು ಅಲೆಕ್ಸಾಂಡರ್ ಡ್ಯೂಮಾ. ತಂದೆಯ ಬಿರುದಿನ ಹೆಸರನ್ನು ಬಿಟ್ಟು ಗುಲಾಮಳಾಗಿದ್ದ ತಾಯಿಯ ಹೆಸರನ್ನು ಹೊತ್ತ. ಇಂದು ಜಗತ್ತಿನ ಪುಸ್ತಕದಂಗಡಿಗಳಲ್ಲೆಲ್ಲ ಕಾಣುವುದು ಜೆರೆಮಿಯ ಆ ತಾಯಿಯ ಹೆಸರೇ.

ಇನ್ನು ಪ್ರೀತಿಯ ಮಾತು. 1789ರ ಆಗಸ್ಟ್. ಫ್ರಾನ್ಸಿನಲ್ಲಿ ಕ್ರಾಂತಿ ಎದ್ದಿತ್ತು. ಹಳ್ಳಿಗಳಲ್ಲಿ ದರೋಡೆಕೋರರು ಬರುತ್ತಾರೆಂಬ ಭೀತಿ ಹಬ್ಬಿತ್ತು. ವಿಲ್ಲೆರ್ ಕೊತ್ರೆ ಎಂಬ ಸಣ್ಣ ಪಟ್ಟಣದ ಜನ ರಕ್ಷಣೆ ಕೋರಿದಾಗ ಕುದುರೆಪಡೆಯ ತುಕಡಿಯೊಂದು ಬಂತು. ಸಿಪಾಯಿಗಳನ್ನು ಊರಿನ ಮನೆಗಳಲ್ಲಿ ಇಳಿಸಿಕೊಳ್ಳಬೇಕಾಗಿತ್ತು. ಅಲ್ಲಿ ಛತ್ರದಂಥ ಹೋಟೆಲೊಂದನ್ನು ನಡೆಸುತ್ತಿದ್ದ ಲಬುರೆ ಎಂಬ ಯಜಮಾನನ ಮನೆಗೆ ಬಂದವನು ಈ ಎತ್ತರದ, ಕಪ್ಪು ಮೈಬಣ್ಣದ ಸಿಪಾಯಿ. ಯಜಮಾನನ ಮಗಳು ಮಾರಿ ಲೂಯಿಸ್ ಅವನನ್ನು ಮೆಚ್ಚಿದಳು, ಅವನೂ ಮೆಚ್ಚಿದ. ಮಗಳ ತಂದೆ ಬಣ್ಣದ ಮಾತೆತ್ತಲಿಲ್ಲ, ಇಲ್ಲವೆನ್ನಲೂ ಇಲ್ಲ. ಸೇನೆಯಲ್ಲಿ ಒಂದು ಮೆಟ್ಟಿಲು ಮೇಲೇರಿ ಬಾ, ಆಮೇಲೆ ಮದುವೆ ಎಂದ. ಮೂರು ವರ್ಷ ಕಳೆದು, 1792ರ ನವೆಂಬರ್ 28ರಂದು ಮದುವೆ ನಡೆಯಿತು. ಆ ಹೊತ್ತಿಗೆ ವರ ಲೆಫ್ಟಿನೆಂಟ್ ಕರ್ನಲ್. ಮರುವರ್ಷ ಜನರಲ್!

ಇಟಲಿ, ಆಲ್ಪ್ಸ್, ಈಜಿಪ್ಟ್‌ಗಳ ಯುದ್ಧದ ಕಥೆಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ನೆಪೋಲಿಯನ್ನನ ಜೊತೆ ಈಜಿಪ್ಟಿಗೆ ಹೋದ ಕುದುರೆಪಡೆಯ ದಳಪತಿ ಇವರೇ. ಅಲ್ಲಿಯೇ ಇಬ್ಬರಿಗೂ ಮನಸ್ತಾಪವಾಯಿತು. 1799ರಲ್ಲಿ ಊರಿಗೆ ಮರಳುವಾಗ ಹಡಗು ಬಿರುಗಾಳಿಗೆ ಸಿಕ್ಕಿ ದಕ್ಷಿಣ ಇಟಲಿಯ ತಾರಾಂತೊ ಬಂದರಿಗೆ ಹೋಗಬೇಕಾಯಿತು. ಅಲ್ಲಿ ಶತ್ರುಗಳ ಸೆರೆ. ಎರಡು ವರ್ಷದ ಬಳಿಕ, 1801ರಲ್ಲಿ, ಹೊರಬಂದಾಗ ಆ ಗಟ್ಟಿ ದೇಹ ಕುಸಿದಿತ್ತು. ಮರುವರ್ಷ ಮಗ ಹುಟ್ಟಿದ. ಅದೇ ವರ್ಷ ನೆಪೋಲಿಯನ್ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಮತ್ತೆ ಕಾನೂನಾಗಿಸಿದ. ಜನರಲ್ ಡ್ಯೂಮಾ ಬಾಕಿ ಸಂಬಳಕ್ಕಾಗಿ ಪತ್ರದ ಮೇಲೆ ಪತ್ರ ಬರೆದರು, ಹಣ ಬರಲಿಲ್ಲ. 1806ರ ಫೆಬ್ರವರಿ 26ರಂದು ಹೆಂಡತಿಯ ಊರಿನಲ್ಲಿ ಕಣ್ಣುಮುಚ್ಚಿದರು. ವಿಧವೆಗೆ ಪಿಂಚಣಿಯೂ ಸಿಗಲಿಲ್ಲ. ಮುಂದೆ ಆಕೆ ತಂಬಾಕಿನ ಅಂಗಡಿ ಇಟ್ಟುಕೊಂಡು ಸಂಸಾರ ನಡೆಸಿದರು.

ತಂದೆ ತೀರಿಕೊಂಡಾಗ ಮಗನಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ತನ್ನ ಆತ್ಮಕಥೆಯಲ್ಲಿ ಅವನು ಒಂದು ಸಂಗತಿ ಬರೆದಿದ್ದಾನೆ. ಅಪ್ಪನನ್ನು ದೇವರು ಕರೆದುಕೊಂಡ ಎಂದು ಮನೆಯವರು ಹೇಳಿದರಂತೆ. ಮಗು ಮನೆಯಲ್ಲಿದ್ದ ಕೋವಿ ಎಳೆದುಕೊಂಡು ಮೆಟ್ಟಿಲು ಹತ್ತಿತು. ಎಲ್ಲಿಗೆ ಎಂದು ತಾಯಿ ಕೇಳಿದರೆ, ಅಪ್ಪನನ್ನು ಕೊಂದ ದೇವರನ್ನು ಕೊಲ್ಲಲು ಸ್ವರ್ಗಕ್ಕೆ ಎಂದಿತು.

ಆ ಮಗುವೇ 'ತ್ರೀ ಮಸ್ಕೆಟಿಯರ್ಸ್' ಬರೆದ ಅಲೆಕ್ಸಾಂಡರ್ ಡ್ಯೂಮಾ. ತಂದೆಯ ಬಗ್ಗೆ ಅವನಿಗೆ ಗೊತ್ತಿದ್ದುದರಲ್ಲಿ ಹೆಚ್ಚಿನದು ತಾಯಿ ಹೇಳಿದ್ದು, ತಂದೆಯ ಹಳೆಯ ಗೆಳೆಯರು ಹೇಳಿದ್ದು, ಮನೆಯಲ್ಲಿ ಉಳಿದಿದ್ದ ಕಾಗದಪತ್ರಗಳು. ತನ್ನ ಕಥೆ ಬರೆಯಲು ಕೂತವನು ಮೊದಲ ಅಧ್ಯಾಯಗಳನ್ನೆಲ್ಲ ತಂದೆಗೇ ಬಿಟ್ಟುಕೊಟ್ಟ. ನನ್ನ ಮಟ್ಟಿಗೆ ಅವನ ಬರಹದಲ್ಲೆಲ್ಲ ಅತ್ಯಂತ ನಿಜವಾದ ಪುಟಗಳು ಅವೇ. ಅವನ ಮಗನೂ, ಅಂದರೆ ಜನರಲ್ಲರ ಮೊಮ್ಮಗನೂ, ಅಲೆಕ್ಸಾಂಡರನೇ. 'ಲಾ ದಾಮ್ ಒ ಕಮೆಲಿಯಾ' ಬರೆದು ಹೆಸರಾಗಿ, 1874ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದವನು. ಅಜ್ಜನನ್ನು ಅವನು ನೋಡಿರಲೇ ಇಲ್ಲ, ಹುಟ್ಟಿದ್ದೇ 1824ರಲ್ಲಿ.

ಪ್ಯಾರಿಸಿನ ಒಂದು ಚೌಕದಲ್ಲಿ ಅಜ್ಜ, ಮಗ, ಮೊಮ್ಮಗ ಮೂವರ ಪ್ರತಿಮೆಗಳೂ ಇದ್ದವು. ಎರಡನೇ ಮಹಾಯುದ್ಧದಲ್ಲಿ, ಜರ್ಮನರು ನಗರವನ್ನು ಹಿಡಿದಿದ್ದಾಗ, ಅಜ್ಜನ ಪ್ರತಿಮೆಯನ್ನು ಕಿತ್ತು ಕರಗಿಸಲಾಯಿತು. ಉಳಿದೆರಡು ಇಂದಿಗೂ ಇವೆ. ಅಜ್ಜನ ನೆನಪಿಗಾಗಿ 2009ರಲ್ಲಿ ಅದೇ ಚೌಕದಲ್ಲಿ ಗುಲಾಮರ ಕಾಲಿನ ಭಾರಿ ಬೇಡಿಯ ಶಿಲ್ಪವೊಂದನ್ನು ನಿಲ್ಲಿಸಿದರು. ಒಂದು ಬೇಡಿಯ ಸರಪಳಿ ತುಂಡಾಗಿದೆ.

ಜೆರೆಮಿಗೆ ಆಮೇಲೂ ನೆಮ್ಮದಿ ಸಿಗಲಿಲ್ಲ. 1964ರಲ್ಲಿ ಹೈಟಿಯ ಸರ್ವಾಧಿಕಾರಿ ಫ್ರಾಂಸ್ವಾ ದುವಾಲಿಯೆಯ ಪಡೆಗಳು ಇಲ್ಲಿನ ಕೆಲವು ಮನೆತನಗಳ 27 ಮಂದಿಯನ್ನು ಕೊಂದವು. ಮುದುಕರು, ಹಾಲುಗಲ್ಲದ ಮಕ್ಕಳು ಯಾರನ್ನೂ ಬಿಡಲಿಲ್ಲ. ಆ ಮನೆಗಳಲ್ಲಿ ಅಜ್ಜಂದಿರ ಕಥೆ ಹೇಳಲೂ ಕೇಳಲೂ ಯಾರೂ ಉಳಿಯಬಾರದು ಎನ್ನುವಷ್ಟು ಕ್ರೂರವಾದ ಕೊಲೆ ಅದು. 2016ರ ಅಕ್ಟೋಬರ್ 4ರಂದು ಮ್ಯಾಥ್ಯೂ ಚಂಡಮಾರುತ ಮನೆಗಳ ಮಾಡುಗಳನ್ನೂ ಜೀಗುಜ್ಜೆ ಮರಗಳನ್ನೂ ಉರುಳಿಸಿತು. 2021ರ ಆಗಸ್ಟಿನಲ್ಲಿ ಭೂಕಂಪ. ಆದರೂ ಜನ ಇದ್ದಾರೆ. ಶುಂಠಿ, ತೆಂಗು ಹಾಕಿದ ಇಲ್ಲಿನ ಸಿಹಿ ರೊಟ್ಟಿ ಕೊಂಪಾರೆತ್ ಈಗಲೂ ಊರಿನ ಹೆಸರಿನಲ್ಲೇ ಮಾರಾಟವಾಗುತ್ತದೆ.

ಮುಂದೆ ಎಂದಾದರೂ 'ಕೌಂಟ್ ಆಫ್ ಮಾಂಟೆ ಕ್ರಿಸ್ಟೋ' ನಿಮ್ಮ ಕೈಗೆ ಬಂದರೆ, ತಪ್ಪು ಮಾಡದವನೊಬ್ಬ ಸೆರೆಯಲ್ಲಿ ಕೊಳೆಯುವ ಅಧ್ಯಾಯಗಳನ್ನು ದಯವಿಟ್ಟು ಅವಸರಿಸದೆ ಓದಿ. ಅವನ್ನು ಬರೆದವನ ತಂದೆ ತಾರಾಂತೊದಲ್ಲಿ ಸೆರೆಗೆ ಬಿದ್ದವರು, ಹುಟ್ಟಿದ್ದು ಜೆರೆಮಿಯಲ್ಲಿ.